ನೂರ ಹನ್ನೆರಡು ಮೀಟರುಗಳ ಹೊಟ್ಟೆಯೊಳಗಿನ ಮಾತು

ನಮ್ಮ ಫ್ಯಾಕ್ಟರಿಯ ಯಾವ ಮೀಟರಿಗೂ ಮುಖ ಕಾಣುತ್ತಿರಲಿಲ್ಲ. ಇದ್ದ ಮುಖವನ್ನು ನಾವೇ ಮುಚ್ಚಿದ್ದೆವು, ಅದೂ ಭಕ್ತಿಯಿಂದ.

ಅರಸೀಕೆರೆಯಿಂದ ಹಾರನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ತೆಂಗಿನಕಾಯಿ ತುರಿದು ಒಣಗಿಸಿ ಪುಡಿ ಮಾಡುವ ಕಾರ್ಖಾನೆ ನಮ್ಮದು. ಬಾಯ್ಲರಿನಿಂದ ಡ್ರೈಯರಿನವರೆಗೆ ಹಬೆಯ ಒತ್ತಡ, ನೀರಿನ ಮಟ್ಟ, ಗಾಳಿಯ ಬಿಸಿ ಇವನ್ನೆಲ್ಲ ಅಳೆದು ಕಂಟ್ರೋಲ್ ರೂಮಿಗೆ ತಿಳಿಸುವ ಉಪಕರಣಗಳು ಒಟ್ಟು ನೂರ ಹನ್ನೆರಡು. ಎಲ್ಲವನ್ನೂ ನಾವು ಮೀಟರ್ ಎಂದೇ ಕರೆಯುವುದು. ಪ್ರತಿಯೊಂದರ ಮೈಮೇಲೂ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತದೆ. ಯಾರು ಮಾಡಿದ್ದು, ಸೀರಿಯಲ್ ನಂಬರೆಷ್ಟು, ಎಷ್ಟರಿಂದ ಎಷ್ಟರವರೆಗೆ ಅಳೆಯಬಲ್ಲದು ಎಂಬುದೆಲ್ಲ ಅದರ ಮೇಲಿರುತ್ತದೆ. ಮೀಟರಿನ ದುಂಡು ಮೈಯಲ್ಲಿ ಹಣೆಯಂತೆ ಚಪ್ಪಟೆಯಾಗಿರುವ ಜಾಗ ಅದೊಂದೇ ಆದ್ದರಿಂದ ಪ್ರತಿ ಆಯುಧಪೂಜೆಗೂ ವಿಭೂತಿ, ಅರಿಶಿನ, ಕುಂಕುಮ ಬೀಳುತ್ತಿದ್ದದ್ದು ಅಲ್ಲಿಯೇ. ಪೂಜೆಯ ಹಿಂದಿನ ವಾರ ಪೇಂಟರು ಬಂದು, ಅಲ್ಲಾಡದೆ ನಿಂತದ್ದಕ್ಕೆಲ್ಲ ಸಿಲ್ವರ್ ಪೇಂಟ್ ಬಳಿದು ಹೋಗುತ್ತಿದ್ದರು. ವರ್ಷಕ್ಕೊಂದು ಪದರ ಬಣ್ಣ, ಒಂದು ಪದರ ಭಕ್ತಿ, ನಡುವೆ ಕೊಬ್ಬರಿ ಎಣ್ಣೆಯ ಜಿಡ್ಡು. ಹತ್ತು ಹಬ್ಬ ಕಳೆಯುವಷ್ಟರಲ್ಲಿ ಯಾವ ಮೀಟರು ಯಾರ ಮಗ ಎಂದು ಹೇಳುವವರಿಲ್ಲದಂತಾಯಿತು.

ಇವುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಇದ್ದದ್ದು ಇಬ್ಬರು. ಒಬ್ಬ ನಾನು. ಐವತ್ತರ ಅಂಚಿನಲ್ಲಿರುವ, ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೆಂಡತಿಗೆ ಫೋನ್ ಮಾಡುವ ಜಾತಿ. ಆಕೆ ಆರಿಸಿದೆ ಎಂದರೆ, ಸರಿಯಾಗಿ ನೋಡಿದೆಯಾ ಎಂದು ಇನ್ನೊಂದು ಫೋನು. ಇನ್ನೊಬ್ಬ ಹಾರನಹಳ್ಳಿಯವನು. ನನ್ನ ವಾರಿಗೆಯವನೇ. ಇಪ್ಪತ್ತು ವರ್ಷ ಒಟ್ಟಿಗೆ ದುಡಿದಿದ್ದೇವೆ. "ನಿಂಗೆ ಬಿಪಿ ಇಲ್ಲ ಅಂತ ಡಾಕ್ಟ್ರು ಹೇಳುದ್ರೆ, ಯಾಕಿಲ್ಲ ಅಂತ ಒಂದ್ ವಾರ ನಿದ್ದೆ ಗೆಡ್ತೀಯ ಕಣ್ಲಾ" ಎಂಬುದು ನನ್ನ ಬಗ್ಗೆ ಅವನ ಅಭಿಪ್ರಾಯ. ಅದರಲ್ಲಿ ಸುಳ್ಳೇನೂ ಇಲ್ಲ.

ಮೀಟರುಗಳ ವಿವರ ಬರೆದಿಡಲು ನನಗೊಂದು ದಪ್ಪ ರಟ್ಟಿನ ರಿಜಿಸ್ಟರ್ ಕೊಟ್ಟಿದ್ದರು. ಮೂರು ಪುಟ ಬರೆದು ನಿಲ್ಲಿಸಿದ್ದೆ. ಸೋಮಾರಿತನದಿಂದಲ್ಲ. ರಿಜಿಸ್ಟರಿನಲ್ಲಿ ಬರೆದದ್ದಕ್ಕೆ ಸಹಿ ಹಾಕಬೇಕು, ಸಹಿ ಹಾಕಿದ್ದಕ್ಕೆ ಮುಂದೊಂದು ದಿನ ಉತ್ತರ ಹೇಳಬೇಕು. ಉತ್ತರ ಹೇಳುವ ಪ್ರಸಂಗವನ್ನು ಊಹಿಸಿಕೊಂಡೇ ಪೆನ್ನಿನ ಮುಚ್ಚಳ ಹಾಕಿದ್ದೆ.

ಉತ್ತರ ಹೇಳುವ ಪ್ರಸಂಗ ಹೇಗೂ ಬಂತು. ಹೆಡ್ಡಾಫೀಸಿನ ದೊಡ್ಡ ಸಾಹೇಬರು ಫೋನಿನಲ್ಲಿ ಕೇಳಿದರು. "ನೂರ ಹನ್ನೆರಡು ಇವೆ ಅಂತೀರಿ. ಯಾವುದು ಯಾವಾಗ ಬಂತು, ಈಗ ಹೇಗಿದೆ ಅಂದ್ರೆ ಗೊತ್ತಿಲ್ಲ ಅಂತೀರಿ. ಗೊತ್ತಿಲ್ಲದ ವಸ್ತು ನನ್ನ ಫ್ಯಾಕ್ಟರೀಲಿ ಯಾಕಿರಬೇಕು?"

ಅವರು ಹೊಸ ಸಾಫ್ಟ್‌ವೇರ್ ಹಾಕಿಸುತ್ತಿದ್ದರು. ಕಾರ್ಖಾನೆಯ ಒಂದೊಂದು ಉಪಕರಣದ ಜಾತಕವೂ ಅದರಲ್ಲಿರಬೇಕು: ಹುಟ್ಟಿದ್ದು ಯಾವಾಗ, ಆರೋಗ್ಯ ಹೇಗಿದೆ, ಆಯಸ್ಸು ಎಷ್ಟು ಉಳಿದಿದೆ. ಜಾತಕವಿಲ್ಲದ ಮೀಟರುಗಳನ್ನು ಮುಂದಿನ ಶಟ್‌ಡೌನಿನಲ್ಲಿ, ಅಂದರೆ ವರ್ಷಕ್ಕೊಮ್ಮೆ ಕಾರ್ಖಾನೆ ನಿಲ್ಲಿಸುವ ವಾರದಲ್ಲಿ, ಒಟ್ಟಿಗೆ ಕಿತ್ತು ಹಾಕಿ ಹೊಸವನ್ನು ಕೂರಿಸುವುದು. ನೋಡಿಕೊಳ್ಳಲು ಹೊರಗಿನ ಏಜೆನ್ಸಿಯವರು ಬರುತ್ತಾರೆ. ನನ್ನನ್ನು ಸ್ಟೋರಿಗೆ, ಹಾರನಹಳ್ಳಿಯವನನ್ನು ತೆಂಗಿನ ಚಿಪ್ಪು ತೂಗುವ ಯಾರ್ಡಿಗೆ ಹಾಕುವುದು ಎಂದು ತೀರ್ಮಾನವಾಗುವುದರಲ್ಲಿತ್ತು. ಒಂದೇ ಒಂದು ಅವಕಾಶ ಬಿಟ್ಟಿದ್ದರು. ಶುಕ್ರವಾರ ಹೆಡ್ಡಾಫೀಸಿನಿಂದ ಇಂಜಿನಿಯರ್ ಮೇಡಂ ಒಬ್ಬರು ಬರುತ್ತಾರೆ. ಮೀಟರುಗಳ ಮಾಹಿತಿ ಎಷ್ಟು ಸಿಗುತ್ತದೆಂದು ನೋಡಿ ಸೋಮವಾರ ವಿಡಿಯೊ ಕಾಲಿನಲ್ಲಿ ವರದಿ ಕೊಡುತ್ತಾರೆ. ಅದರ ಮೇಲೆ ಕೊನೆಯ ಮಾತು.

"ಇಷ್ಟ್ ವರ್ಷ ಸ್ಪ್ಯಾನರ್ ಹಿಡ್ದೋನು ಇನ್ನು ಚಿಪ್ಪು ತೂಗ್ಬೇಕೇನ್ಲಾ?" ಎಂದ ಹಾರನಹಳ್ಳಿಯವನು. ಆ ಒಂದು ಸಲ ಮಾತ್ರ ಅವನ ಮಾತಿನಲ್ಲಿ ನಗೆಯಿರಲಿಲ್ಲ.

ಗುರುವಾರ ಇಡೀ ದಿನ ಇಬ್ಬರೂ ಥಿನ್ನರ್ ಡಬ್ಬಿ ಹಿಡಿದು ಪಟ್ಟಿಗಳನ್ನು ಉಜ್ಜಿದೆವು. ಬಣ್ಣ ಹೋಯಿತು. ಬಣ್ಣದ ಜೊತೆಗೆ ಅಕ್ಷರಗಳೂ ಹೋದವು. ಕುಂಕುಮದ ಕಲೆ ಮಾತ್ರ ಹಾಗೇ ಉಳಿಯಿತು. ಹನ್ನೊಂದನೆಯ ಮೀಟರಿಗೆ ಕೈಬಿಟ್ಟೆವು.

ಶುಕ್ರವಾರ ಬಂದ ಮೇಡಂ ನಮ್ಮ ಥಿನ್ನರ್ ಕಥೆ ಕೇಳಿ ನಕ್ಕರು. "ನೇಮ್‌ಪ್ಲೇಟ್ ಬಿಡಿ ಸರ್. ಎಲ್ಲಾ ಮೀಟರ್ ಒಳಗೇ ಬರ್ದಿರುತ್ತೆ. ನಾವು ಕೇಳ್ಬೇಕು ಅಷ್ಟೆ."

ಮೀಟರಿನಿಂದ ಕಂಟ್ರೋಲ್ ರೂಮಿಗೆ ಬರುವುದು ಎರಡೇ ತಂತಿ. ಅಳತೆ ಬರುವುದೂ ಅದರಲ್ಲೇ, ಸಣ್ಣ ದನಿಯಲ್ಲಿ ಮೀಟರು ತನ್ನ ವಿಷಯ ಹೇಳಿಕೊಳ್ಳುವುದೂ ಅದರಲ್ಲೇ. ಆ ದನಿ ಕೇಳಿಸಿಕೊಳ್ಳಲು ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಅವರು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಡಬ್ಬಿಯ ಎರಡು ಕ್ಲಿಪ್ಪುಗಳನ್ನು, ತಂತಿಗಳೆಲ್ಲ ಬಂದು ಸೇರುವ ಪ್ಯಾನೆಲಿನಲ್ಲಿ ಆಯಾ ಮೀಟರಿನ ತಂತಿಗಳಿಗೆ ಕಚ್ಚಿಸಿದರಾಯಿತು. ಫ್ಯಾಕ್ಟರಿ ನಿಲ್ಲಿಸಬೇಕಾಗಿಲ್ಲ.

ಒಂದು ಗಂಟೆ ಕಚ್ಚಿಸಿದೆವು. ಒಂದು ಮೀಟರೂ ತುಟಿ ಬಿಚ್ಚಲಿಲ್ಲ. ಸ್ಟೋರು, ಚಿಪ್ಪಿನ ಯಾರ್ಡು ಎರಡೂ ನನ್ನ ಕಣ್ಣಮುಂದೆ ಬಂದವು. ಆಗ ಹಾರನಹಳ್ಳಿಯವನು ಹಳೆಯ ಪ್ಯಾನೆಲಿನ ಅವಶೇಷಗಳಿಂದ ಒಂದು ಪುಟ್ಟ ರೆಸಿಸ್ಟರ್ ಕಿತ್ತು ತಂದ. "ಮೇಡಂ, ಹೊಸ ಪವರ್ ಸಪ್ಲೈ ಹಾಕಿದ್ಮೇಲೆ ಲೈನು ತೀರಾ ಸಲೀಸಾಗೋಗೈತೆ. ದನಿ ನಿಲ್ಲಾಕೆ ಏನಾರ ತಡೆ ಬೇಕಲ್ವ್ರಾ? ಇದನ್ನ ನಡುವೆ ಹಾಕಿ ನೋಡಿ." ಹಾಕಿದರು. ಪರದೆಯ ಮೇಲೆ ಮೊದಲ ಮೀಟರು ತನ್ನ ನಂಬರು ಹೇಳಿತು. ಮೇಡಂ ಅವನ ಕೈ ಕುಲುಕಿದರು. ಅವನು ಆ ಕೈಯನ್ನು ಮಧ್ಯಾಹ್ನದ ಮುದ್ದೆಯವರೆಗೂ ತೊಳೆಯಲಿಲ್ಲ.

ಆ ದಿನ ಬರೀ ಹಾಜರಿ. ನೂರ ಎಂಟು ಮೀಟರುಗಳು ಉತ್ತರ ಕೊಟ್ಟವು. ಉಳಿದ ನಾಲ್ಕು, ಮೀಟರುಗಳು ಮಾತು ಕಲಿಯುವುದಕ್ಕೂ ಮುಂಚಿನ ಕಾಲದವು. ಸಂಜೆ ಹೊರಡುವ ಮುನ್ನ ಮೇಡಂ ಮಾರನೆಯ ದಿನ ತುಂಬಬೇಕಾದ ಕಾಲಮ್ಮುಗಳನ್ನು ತೋರಿಸಿದರು. ತಯಾರಕರು, ಸೀರಿಯಲ್ ನಂಬರು, ಅಳತೆಯ ಮಿತಿ, ತಾರೀಕು, ಮೆಸೇಜು.

"ಮೆಸೇಜಾ?" ಎಂದೆ.

"ಹೂಂ ಸರ್, ಪ್ರತಿ ಮೀಟರಲ್ಲೂ ಮೂವತ್ತೆರಡು ಅಕ್ಷರದ ಒಂದು ಜಾಗ ಇರುತ್ತೆ. ಯಾರೂ ಏನೂ ಬರ್ದಿರಲ್ಲ. ಖಾಲಿ ಬರುತ್ತೆ."

ಖಾಲಿ ಬರುವುದಿಲ್ಲ ಎಂದು ಗೊತ್ತಿದ್ದವನು ಭೂಮಿಯ ಮೇಲೆ ನಾನೊಬ್ಬನೇ.

ರಿಜಿಸ್ಟರಿನಲ್ಲಿ ಬರೆಯಲು ಹೆದರಿದ ನಾನು, ನನ್ನ ಹೆದರಿಕೆಗಳನ್ನೆಲ್ಲ ಮೀಟರುಗಳ ಹೊಟ್ಟೆಯೊಳಗೆ ಬರೆದಿಟ್ಟಿದ್ದೆ. ನಮ್ಮ ವಿಭಾಗದಲ್ಲಿ ಇಟ್ಟಿಗೆಯಷ್ಟು ಭಾರದ ಹಳೆಯ ಕೈಯಂತ್ರವೊಂದಿದೆ. ರಿಪೇರಿಗೆ ಹೋದಾಗಲೆಲ್ಲ ಅದನ್ನು ತಂತಿಗೆ ಸಿಕ್ಕಿಸಿ, ತಾರೀಕು ಹಾಕಿ, ಮನಸ್ಸಿಗೆ ಬಂದದ್ದನ್ನು ಒತ್ತಿಬಿಡುತ್ತಿದ್ದೆ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಅದರಲ್ಲೇ ಕನ್ನಡ. "ಸುಳ್ಳು ಹೇಳ್ತಿದೆ ಅನುಮಾನ." "ಮಳೆಗೆ ಇಲ್ಲಿ ನೀರು ಇಳಿಯುತ್ತೆ." "ಇದು ಎರಡನೇ ಟ್ಯಾಂಕಿಂದು, ಇಲ್ಲಿದಲ್ಲ." "ಮುಟ್ಟಿದರೆ ನಿಲ್ಲುತ್ತೆ, ದೇವರೇ ಗತಿ." ಸಹಿಯಿಲ್ಲ, ಓದುವವರಿಲ್ಲ. ಹೇಳಿಕೊಂಡ ಸಮಾಧಾನ ಮಾತ್ರ ಸಿಗುತ್ತಿತ್ತು. ಇದಿಷ್ಟೇ ಆಗಿದ್ದರೆ ನಗೆಪಾಟಲಾಗುತ್ತಿದ್ದೆ, ಅಷ್ಟೆ. ಆದರೆ ಮೂರು ಮೀಟರುಗಳಲ್ಲಿ ಸಾಹೇಬರ ಪ್ರಸ್ತಾಪವೂ ಇತ್ತು. "ಹೊಸದು ಕೇಳಿದೆ, ಸಾಹೇಬ್ರು ಬೈದರು" ಎಂದು ಒಂದರಲ್ಲಿ. ಇನ್ನೆರಡರಲ್ಲಿ ಇದಕ್ಕಿಂತ ಖಾರ.

ಶನಿವಾರ ಮೊದಲ ಬಸ್ಸಿಗೇ ಬಂದೆ. ಕೈಯಂತ್ರ ಹಿಡಿದು ಆ ಮೂರನ್ನೂ ಅಳಿಸಿದೆ. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಾರನಹಳ್ಳಿಯವನ ಬೈಕಿನ ಸದ್ದು ಕೇಳಿತು. ಏನೂ ಆಗದವನಂತೆ ನಿಂತೆ.

ಮೇಡಂ ಬಂದು ಓದತೊಡಗಿದರು. ಹತ್ತನೆಯ ಮೀಟರಿಗೆ ಅವರ ಬೆರಳು ನಿಂತಿತು. ಇಂಗ್ಲಿಷಿನಲ್ಲಿದ್ದ ಕನ್ನಡವನ್ನು ಕೂಡಿಸಿ ಕೂಡಿಸಿ ಓದಿದರು. "ವೈರು... ಸಡಿಲ... ನನ್ನ... ಎದೆ... ಹೊಡ್ಕೊಳ್ತಿದೆ. ಸರ್, ಏನಿದು?"

ಹಾರನಹಳ್ಳಿಯವನು ಪರದೆಗೆ ಬಗ್ಗಿ ನೋಡಿ, ಆಮೇಲೆ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟ್ ವರ್ಷ ನನ್ ಕಿವಿ ಕೊರ್ದಿದ್ದು ಸಾಲ್ದೂಂತ ಮೀಟರ್‌ಗೂ ಕೊರ್ದಿದ್ದೀಯೇನ್ಲಾ!"

ಮೇಡಂ ಮಾತ್ರ ನಗುವುದನ್ನು ಬೇಗ ನಿಲ್ಲಿಸಿದರು. ಒಂದೊಂದನ್ನೇ ಓದುತ್ತ ಹೋದಂತೆ ಅವರ ಬೆನ್ನು ನೆಟ್ಟಗಾಯಿತು. "ಸರ್, ಪ್ರತಿಯೊಂದಕ್ಕೂ ತಾರೀಕಿದೆ. ಎಲ್ಲಿಂದ ಬಂತು, ಏನಾಗಿತ್ತು, ಏನಾಗಬಹುದು, ಎಲ್ಲಾ ಇದೆ. ಇಂಥ ಹಿಸ್ಟರಿ ನಮ್ಮ ಯಾವ ಪ್ಲಾಂಟಲ್ಲೂ ಇಲ್ಲ." ನಾನು ಗಾಬರಿಯಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು. "ಆದ್ರೆ ಡ್ರೈಯರ್ ಸೆಕ್ಷನ್ನಿನ ಈ ಮೂರು ಮಾತ್ರ ಖಾಲಿ. ಇವನ್ನ ಯಾರೋ ನಿನ್ನೆಯಿಂದೀಚೆಗೆ ತಿದ್ದಿದ್ದಾರೆ."

ಮೀಟರಿನೊಳಗಿನ ಒಂದಕ್ಷರ ತಿದ್ದಿದರೂ "ನನ್ನನ್ನು ಮುಟ್ಟಿದ್ದಾರೆ" ಎಂಬ ಗುರುತು ಅದರಲ್ಲಿ ಏಳುತ್ತದಂತೆ. ಶುಕ್ರವಾರದ ಹಾಜರಿಯಲ್ಲಿ ಮೇಡಂ ಎಲ್ಲ ಮೀಟರುಗಳ ಗುರುತನ್ನೂ ಒರೆಸಿ ಹೋಗಿದ್ದರು. ಶನಿವಾರ ಬೆಳಿಗ್ಗೆ ಮೂರರಲ್ಲಿ ಮಾತ್ರ ಎದ್ದಿತ್ತು. ಇಪ್ಪತ್ತು ವರ್ಷ ಸಾಕಿದ ಮೀಟರುಗಳು ನನ್ನ ಮೇಲೆಯೇ ಚಾಡಿ ಹೇಳಿದ್ದವು.

"ಯಾರು ಸರ್ ತಿದ್ದಿದ್ದು?"

"ಗೊತ್ತಿಲ್ಲ ಮೇಡಂ" ಎಂದೆ.

"ಸೋಮವಾರ ಸಾಹೇಬ್ರು ಮೊದಲು ಕೇಳೋದೇ ಇದನ್ನ. ಡೇಟಾನ ಯಾರೋ ಮುಟ್ಟಿದ್ದಾರೆ ಅಂದ್ರೆ ಉಳಿದಿದ್ದನ್ನೂ ನಂಬಲ್ಲ" ಎಂದು ಅವರು ಲ್ಯಾಪ್‌ಟಾಪ್ ಮುಚ್ಚಿದರು. ಹಾರನಹಳ್ಳಿಯವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕೈ ಒರೆಸಿಕೊಂಡು ಹೊರಗೆ ಹೋದ. ಅವನಿಗೆ ಗೊತ್ತಾಗಿತ್ತು.

ಭಾನುವಾರ ಹಳೇಬೀಡಿನಲ್ಲಿ ಹೆಂಡತಿಯ ತಮ್ಮನ ಮನೆಯಲ್ಲಿ ಊಟ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಎಳನೀರು, ಜ್ಯೂಸಿನ ಅಂಗಡಿ. ಊಟವಾದ ಮೇಲೆ ಅಲ್ಲಿ, ಬೇಲೂರು ಬಸ್ಸಿನಿಂದ ಇಳಿದ ಪ್ರವಾಸಿಗರ ನಡುವೆ ಕೂತು ನನ್ನ ಪಾಪವನ್ನು ಹೆಂಡತಿ, ಭಾಮೈದ ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಭಾಮೈದ ಎಳನೀರು ಕೊಚ್ಚುತ್ತಲೇ ಕೇಳಿದ. "ಅಲ್ಲ ಭಾವ, ಸಾಹೇಬ್ರು ಬೈದಿದ್ದು ನಿಜ ತಾನೇ?"

"ನಿಜ."

"ಮೀಟರ್ ಕೆಟ್ಟಿರಾದೂ ನಿಜ ತಾನೇ?"

"ಅನುಮಾನ."

"ಮತ್ತೆ ಇದ್ರಲ್ಲಿ ನಿಮ್ ತಪ್ಪೇನೈತೆ ಅಂತೀನಿ!"

ಹೆಂಡತಿ ಅಷ್ಟು ಸುಲಭಕ್ಕೆ ಬಿಡುವವಳಲ್ಲ. "ರೀ, ನೀವ್ ಸ್ಟೋರಿಗೆ ಹೋಗಿ, ಬೇಡ ಅನ್ನಲ್ಲ. ಅಲ್ಲೂ ಬೋಲ್ಟ್ ಎಣಿಸ್ಕೊಂಡು ಹೆದ್ರುಕೊಂಡಿರ್ತೀರ. ಆದ್ರೆ ಆ ಹಾರನಹಳ್ಳಿ ಅಣ್ಣ ಯಾಕೆ ಚಿಪ್ಪು ತೂಗ್ಬೇಕು? ಅವರೇನು ಅಳಿಸಿದ್ರಾ?"

ಎಳನೀರು ಅರ್ಧಕ್ಕೇ ಬಿಟ್ಟು ಕೆರೆಯ ಕಡೆಗೆ ನಡೆದೆ. ಏರಿಯ ಮೇಲೆ ಕೂತು, ಅಳಿಸಿದ ಮೂರು ಸಾಲುಗಳನ್ನು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದೆ. ಒಂದಕ್ಷರವೂ ಮರೆತಿರಲಿಲ್ಲ. ಹೆದರುವವನಿಗೆ ಮರೆವು ಬರುವುದಿಲ್ಲ.

ಸೋಮವಾರ ಸಾಹೇಬರ ಮುಖ ಕಂಟ್ರೋಲ್ ರೂಮಿನ ಪರದೆಯ ತುಂಬ ಬಂತು. ಮೇಡಂ ವರದಿ ಹೇಳುತ್ತ ಹೋದರು. ಮೆಸೇಜುಗಳ ವಿಷಯಕ್ಕೆ ಬಂದಾಗ ಸಾಹೇಬರು ಮುಂದೆ ಬಾಗಿದರು. ಮೂರು ಖಾಲಿ ಜಾಗಗಳಿಗೆ ಬಂದಾಗ ಹಿಂದಕ್ಕೆ ಒರಗಿದರು. "ಅಳಿಸಿದ್ದು ಯಾರು?"

"ನಾನು ಸರ್" ಎಂದೆ. ಪಕ್ಕದಲ್ಲಿ ಹಾರನಹಳ್ಳಿಯವನು ಉಸಿರು ಬಿಟ್ಟದ್ದು ಕೇಳಿಸಿತು.

"ಏನಿತ್ತು ಅದರಲ್ಲಿ?"

ಟಿಕೆಟ್ಟು ತೆಗೆದೆ. ನೋಡಿ ಓದುವ ಅಗತ್ಯ ಬೀಳಲಿಲ್ಲ. ಬಾಯಿಪಾಠವೇ ಒಪ್ಪಿಸಿದೆ. "ಡ್ರೈಯರಿನ ಬಿಸಿಗಾಳಿ ಮೀಟರು ಕಮ್ಮಿ ತೋರಿಸ್ತಿತ್ತು ಸರ್, ಅದರಲ್ಲಿ: ಹೊಸದು ಕೇಳಿದೆ, ಸಾಹೇಬ್ರು ಬೈದರು."

"ನಾನು ಬೈದಿದ್ನಾ?"

"ಹೌದು ಸರ್." ಆಮೇಲೆ ಸೇರಿಸಿದೆ. "ಸ್ವಲ್ಪ."

"ಮಿಕ್ಕಿದ್ದೆರಡು?"

"ಹಬೆ ಒತ್ತಡದ ಮೀಟರಲ್ಲಿ: ಒಳಗೆ ನೀರಿದೆ, ಹೇಳಿದರೆ ಕೇಳೋರ್ಯಾರು. ಮೂರನೇದ್ರಲ್ಲಿ..." ಟಿಕೆಟ್ಟು ಮಡಿಸಿದೆ. "ಸಾಹೇಬ್ರಿಗೆ ಕಿವಿ ಇಲ್ಲ, ಇದಕ್ಕೆ ಆಯಸ್ಸಿಲ್ಲ."

ಮೇಡಂ ತಲೆ ಬಗ್ಗಿಸಿ ಕೀಬೋರ್ಡಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಕೊನೆಗೆ ಸಾಹೇಬರು ಹೇಳಿದ್ದು ಒಂದೇ ಮಾತು. "ಬಿಚ್ಚಿ. ನಾನು ನೋಡಬೇಕು."

ಸೋಮವಾರ ಡ್ರೈಯರ್ ತೊಳೆಯುವ ದಿನವಾದ್ದರಿಂದ ಅದು ನಿಂತೇ ಇತ್ತು. ಹಾರನಹಳ್ಳಿಯವನು ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಸಾಹೇಬರು ತುಂಬಿದ್ದ ಫೋನು ಹಿಡಿದು ಮುಂದೆ ನಡೆದ. ಮೊದಲು ಹಬೆ ಒತ್ತಡದ ಮೀಟರಿನ ಮುಚ್ಚಳ ತಿರುಗಿಸಿದ. ಒಂದು ಚಮಚದಷ್ಟು ನೀರು ಅವನ ಅಂಗೈಗೆ ಸುರಿಯಿತು. ಒಳಗಿನ ತಿರುಪುಗಳೆಲ್ಲ ಹಸಿರುಗಟ್ಟಿದ್ದವು. "ಕಾಣ್ತೈತ್ರಾ ಸಾರ್?" ಎಂದು ಫೋನನ್ನು ಅಂಗೈಗೆ ಹಿಡಿದ. ಸಾಹೇಬರು ಕಾಣುತ್ತೆ ಎಂದರು.

ಬಿಸಿಗಾಳಿಯ ಮೀಟರನ್ನು ಕಳಚಿ ತಂದು ಕಾದ ಎಣ್ಣೆಯ ಪಾತ್ರೆಯಲ್ಲಿಟ್ಟೆವು. ಪಕ್ಕದಲ್ಲಿ ಪರೀಕ್ಷೆಯ ಥರ್ಮಾಮೀಟರು. ಅದಕ್ಕಿಂತ ನಮ್ಮದು ನಾಲ್ಕು ಡಿಗ್ರಿ ಕಮ್ಮಿ ತೋರಿಸುತ್ತಿತ್ತು. ಅಂದರೆ ಪರದೆಯ ಮೇಲೆ ಸರಿಯಾಗಿದೆ ಎಂದುಕೊಂಡಾಗಲೆಲ್ಲ ಡ್ರೈಯರು ನಾಲ್ಕು ಡಿಗ್ರಿ ಹೆಚ್ಚೇ ಕಾದಿರುತ್ತಿತ್ತು. ಸಾಹೇಬರು ಫೋನಿನೊಳಗಿಂದಲೇ ನಿಧಾನವಾಗಿ ಹೇಳಿದರು. "ಪುಡಿ ಹಳದಿ ತಿರುಗುತ್ತೆ ಅಂತ ಆರು ತಿಂಗಳಿಂದ ಗಿರಾಕಿಗಳು ಬೈತಿದ್ದಾರಲ್ಲ... ಅದಕ್ಕೆ ಕಾರಣ ಇದೇನಾ?"

"ಇದೇ ಸರ್" ಎಂದರು ಮೇಡಂ.

ಮೂರನೆಯದು, ಆಯಸ್ಸಿಲ್ಲ ಎಂದು ನಾನು ಬರೆದದ್ದು, ಪರೀಕ್ಷೆಯಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. "ಇದಕ್ಕಿನ್ನೂ ಆಯಸ್ಸಿದೆಯಲ್ಲಪ್ಪ" ಎಂದರು ಸಾಹೇಬರು. "ಕಿವಿ ವಿಷಯ ಆಮೇಲೆ ನೋಡೋಣ." ಅವರು ನಕ್ಕರೆಂದು ಹಾರನಹಳ್ಳಿಯವನು ಈಗಲೂ ಹೇಳುತ್ತಾನೆ. ಸಿಗ್ನಲ್ ಕೆಟ್ಟಿತ್ತೆಂದು ನನ್ನ ಅನುಮಾನ.

ಮುಂದಿನ ಎರಡು ಸೋಮವಾರ ಇದೇ ಕೆಲಸ. ಈಗಲೂ ಕೆಟ್ಟಿದೆಯೆಂದು ನಾನು ಹೆದರಿ ಬರೆದಿದ್ದ ಮೀಟರುಗಳು ಇಪ್ಪತ್ತೇಳು, ಮಿಕ್ಕವುಗಳಲ್ಲಿ ಇದ್ದದ್ದು ಬರೀ ರಿಪೇರಿಯ ವಿವರ. ಆ ಇಪ್ಪತ್ತೇಳರಲ್ಲಿ ಹನ್ನೊಂದು ನಿಜಕ್ಕೂ ಕೆಟ್ಟಿದ್ದವು. ಉಳಿದವು ನನ್ನ ರಕ್ತದ ಗುಣ. ಆದರೆ ನಾನು ಹೆದರದೇ ಬಿಟ್ಟಿದ್ದವುಗಳಲ್ಲಿ ಸಾಹೇಬರೇ ಎಂಟನ್ನು ಆರಿಸಿ ಪರೀಕ್ಷೆ ಮಾಡಿಸಿದರು. ಎಂಟೂ ಸರಿಯಾಗಿದ್ದವು. "ಈತ ಹೆದರದೇ ಇದ್ದಾನೆ ಅಂದ್ರೆ ಆ ಮೀಟರು ಗಟ್ಟಿ ಅಂತ ಅರ್ಥ" ಎಂದು ಅವರು ಮೀಟಿಂಗಿನಲ್ಲಿ ಹೇಳಿದರಂತೆ. ಮೇಡಂ ಅದನ್ನು ಮೀಟಿಂಗಿನ ಟಿಪ್ಪಣಿಯಿಂದ ನನಗೆ ಫೋನಿನಲ್ಲಿ ಓದಿ ಹೇಳಿದರು, ನಾನು ಎರಡು ಸಲ ಓದಿಸಿದೆ. ಸಾಹೇಬರ ಕೊನೆಯ ಮಾತೂ ಬಂತು: ಬದಲಾಯಿಸಬೇಕಾದದ್ದು ಆ ಹನ್ನೊಂದು ಮತ್ತು ಮಾತು ಬಾರದ ಆ ನಾಲ್ಕು, ಒಟ್ಟು ಹದಿನೈದು. ಉಳಿದ ತೊಂಬತ್ತೇಳು ಇದ್ದಲ್ಲೇ ಇರಲಿ. ಹೊರಗಿನ ಏಜೆನ್ಸಿ ಬೇಡ. ನಮ್ಮಿಬ್ಬರ ವಿಭಾಗ ನಮ್ಮಿಬ್ಬರದೇ. ಮಿಕ್ಕ ಪ್ಲಾಂಟಿನವರೂ ಇನ್ನು ಮೇಲೆ ಮೆಸೇಜಿನ ಜಾಗ ಖಾಲಿ ಬಿಡಬಾರದೆಂದು ಸುತ್ತೋಲೆ ಬಂತು. ಅದನ್ನು ಓದಿ ನನಗೆ ಹೊಸ ಭಯ ಹುಟ್ಟಿತು. ಇನ್ನು ನಾನು ಬರೆದದ್ದನ್ನು ಎಲ್ಲರೂ ಓದುತ್ತಾರೆ.

ಶಟ್‌ಡೌನಿನ ದಿನ ಬೆಂಗಳೂರಿನಿಂದ ದೊಡ್ಡದೊಂದು ಟೆಂಪೊ ಬಂತು. ಕಿತ್ತ ಮೀಟರುಗಳನ್ನು ಒಯ್ಯುವ ಹಳೆಯ ಆರ್ಡರನ್ನು ಯಾರೋ ರದ್ದು ಮಾಡಲು ಮರೆತಿದ್ದರು. ನೂರ ಹನ್ನೆರಡು ಮೀಟರು ತುಂಬಿಕೊಂಡು ಬರಬೇಕೆಂದು ಡ್ರೈವರಿಗೆ ಹೇಳಿ ಕಳಿಸಿದ್ದರಂತೆ. ಹಗ್ಗ, ಟಾರ್ಪಾಲು, ಹುಲ್ಲಿನ ಹಾಸಿಗೆ ಎಲ್ಲ ತಂದಿದ್ದ. ನಾವಿಬ್ಬರೂ ಹದಿನೈದು ಮೀಟರು ತುಂಬಿದ ಒಂದು ರಟ್ಟಿನ ಪೆಟ್ಟಿಗೆ ಎತ್ತಿ ತಂದು ಆ ಬಯಲಿನಂಥ ಟೆಂಪೊದ ಮೂಲೆಯಲ್ಲಿಟ್ಟೆವು.

"ಇಷ್ಟೇನಾ ಅಣ್ಣ? ಇದನ್ನ ಬಸ್ಸಲ್ಲೇ ಕಳಿಸ್ಬೋದಿತ್ತಲ್ಲ!"

"ಇಷ್ಟೇ ಕಣಪ್ಪ" ಎಂದ ಹಾರನಹಳ್ಳಿಯವನು, ಮದುವೆ ಮನೆಯ ಯಜಮಾನನಂತೆ ಎದೆ ಮುಂದೆ ಮಾಡಿ. "ಜಾಗ ಖಾಲಿ ಹೋಗ್ತೈತಲ್ಲ ಅಂತ ಬೇಜಾರಾದ್ರೆ ಹೇಳು, ನಾಕ್ ಮೂಟೆ ಚಿಪ್ಪು ಹಾಕುಸ್ತೀನಿ."

ನಾನು ಪೆಟ್ಟಿಗೆ ಜಾರೀತೆಂದು ಹಗ್ಗ ಬಿಗಿದೆ. ಒಂದು ಸುತ್ತು ಸಾಲದೆಂದು ಇನ್ನೊಂದು ಸುತ್ತು. ಡ್ರೈವರು ಗೇಟ್ ಪಾಸು ಚಾಚಿದ. ಅದರಲ್ಲಿ "ಇನ್‌ಸ್ಟ್ರುಮೆಂಟ್ ವಿಭಾಗದ ಪರವಾಗಿ" ಎಂಬ ಜಾಗದಲ್ಲಿ ಯೋಚನೆಯೇ ಮಾಡದೆ, ಪೂರ್ತಿ ಹೆಸರಿನ ಸಹಿ ಹಾಕಿದೆ.